ಅಪ್ಪ ಅವ್ವನನ್ನು ವೈನ್ ಹಬ್ಬಕ್ಕೆ ಕರೆದುಕೊಂಡು ಹೋಗಬಹುದಾ? ಜರ್ಮನಿಯಲ್ಲಿ ಇರುವವರು ಹೇಳಿ

ತಿಕೋಟಾದ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಎರಡು ವರ್ಷದಿಂದ ಮ್ಯಾನ್‌ಹೈಮ್‌ನಲ್ಲಿ ಇದ್ದೇನೆ. ಸೆಪ್ಟೆಂಬರ್ ಮೊದಲ ವಾರ ಅಪ್ಪ ಅವ್ವ ಬರುತ್ತಿದ್ದಾರೆ, ಐದು ವಾರ ಇರುತ್ತಾರೆ. ಇಬ್ಬರಿಗೂ ಇದೇ ಮೊದಲ ವಿಮಾನ.

ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಹತ್ತಿರ. ಆರು ಎಕರೆ ದ್ರಾಕ್ಷಿ ಪಡ ಇದೆ. ಥಾಮ್ಸನ್, ಮಾಣಿಕ್ ಚಮನ್ ತಳಿ, ಪೂರ್ತಿ ಒಣದ್ರಾಕ್ಷಿಗೇ ಹೋಗುತ್ತದೆ. ಅಪ್ಪ ಮೂವತ್ತು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದವರು. ಒಂದು ದಿನ ಫೋನಿನಲ್ಲಿ ಮಾತಾಡುತ್ತಾ, ಇಲ್ಲಿ ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಕಟಾವು ಶುರು, ಅದಕ್ಕೆ ದೊಡ್ಡ ಜಾತ್ರೆ ಮಾಡುತ್ತಾರೆ ಅಂತ ಹೇಳಿದೆ. ಅವತ್ತಿನಿಂದ ಅಪ್ಪ ಬೇರೆ ಏನೂ ಕೇಳುತ್ತಿಲ್ಲ. ಪ್ಯಾರಿಸ್ ಬೇಡ, ಸ್ವಿಟ್ಜರ್‌ಲ್ಯಾಂಡ್ ಬೇಡ. "ಅವರ ಪಡ ಹೆಂಗೈತಿ ತೋರ್ಸು, ಸಾಕು" ಅನ್ನುತ್ತಾರೆ.

ಆದರೆ ಅಪ್ಪ ಇಷ್ಟು ವರ್ಷದಲ್ಲಿ ಒಂದು ಹನಿ ಕುಡಿದವರಲ್ಲ. ಅವ್ವ ಮೊಟ್ಟೆ ಸಹ ಮುಟ್ಟುವುದಿಲ್ಲ. ಹತ್ತಿರದಲ್ಲಿ ಬಾಡ್ ಡುರ್ಕ್‌ಹೈಮ್ ಊರಿನ ವುರ್ಸ್ಟ್‌ಮಾರ್ಕ್ಟ್ ಅನ್ನುವ ವೈನ್ ಹಬ್ಬ ಇದೆ ಅಂತ ಗೊತ್ತು. ಹೆಸರಲ್ಲೇ ವುರ್ಸ್ಟ್, ಅಂದರೆ ಮಾಂಸದ ಸಾಸೇಜ್, ಇದೆ! ಅಲ್ಲಿ ಅವರಿಗೆ ಇರುಸುಮುರುಸು ಆಗುತ್ತದಾ? ಊಟಕ್ಕೆ ಏನು ಮಾಡುವುದು? ಮುಖ್ಯವಾಗಿ, ನಿಜವಾದ ದ್ರಾಕ್ಷಿ ಕಟಾವು ನೋಡಲು ಸಿಗುತ್ತದಾ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ನೆಕ್ಕಾರ್_ದಂಡೆ

ಖಂಡಿತ ಕರೆದುಕೊಂಡು ಹೋಗಿ. ಆದರೆ ಹಬ್ಬ ಬೇರೆ, ಕಟಾವು ಬೇರೆ, ಇದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ.

ನಾನು ಹೈಡೆಲ್‌ಬೆರ್ಗ್‌ಗೆ ಬಂದ ವರ್ಷ ವುರ್ಸ್ಟ್‌ಮಾರ್ಕ್ಟ್‌ಗೆ ಹೋಗಿದ್ದೆ. ನಮ್ಮ ಕಡೆ ಸುಗ್ಗಿ ಅಂದರೆ ಕಣ, ರಾಶಿ, ಪೂಜೆ ಎಲ್ಲ ಕಣ್ಣೆದುರಿಗೇ ಇರುತ್ತದಲ್ವಾ, ಇಲ್ಲೂ ಹಾಗೇ ದ್ರಾಕ್ಷಿ ರಾಶಿ ಇರುತ್ತದೆ ಅಂದುಕೊಂಡಿದ್ದೆ. ಇದ್ದದ್ದು ಜಯಂಟ್ ವೀಲ್, ತೊಟ್ಟಿಲು, ದೊಡ್ಡ ದೊಡ್ಡ ಟೆಂಟು, ಬ್ಯಾಂಡು ಮತ್ತು ಜನ. ಆರು ಲಕ್ಷಕ್ಕೂ ಹೆಚ್ಚು ಜನ ಬರುವ ಜಾತ್ರೆ ಅದು, ಜಗತ್ತಿನ ಅತಿ ದೊಡ್ಡ ವೈನ್ ಹಬ್ಬ ಅಂತಲೇ ಕರೆಯುತ್ತಾರೆ. ಒಂದು ಗೊನೆ ದ್ರಾಕ್ಷಿಯೂ ಕಾಣಲಿಲ್ಲ. ಮೊದಲ ಅರ್ಧ ಗಂಟೆ ನನಗೆ ಬೇಜಾರೇ ಆಯಿತು.

ಆಮೇಲೆ ಒಂದು ಶುಬ್‌ಕಾರ್ಖ್ ಅಂಗಡಿಯಲ್ಲಿ ಕೂತೆ. ಶುಬ್‌ಕಾರ್ಖ್ ಅಂದರೆ ಒಂಟಿ ಗಾಲಿಯ ತಳ್ಳುಗಾಡಿ. ಊರ ಪಕ್ಕದ ಮಿಖಾಯೆಲ್ಸ್‌ಬೆರ್ಗ್ ಗುಡ್ಡದ ಮೇಲೆ ಹಿಂದೆ ಒಂದು ಚಾಪೆಲ್ (ಸಣ್ಣ ಚರ್ಚ್) ಇತ್ತು, ಸೆಪ್ಟೆಂಬರ್ ಕೊನೆಗೆ ಅಲ್ಲಿಗೆ ಯಾತ್ರೆ ಬರುತ್ತಿದ್ದ ಜನರಿಗೆ ಸುತ್ತಲಿನ ರೈತರು ಇಂಥ ಗಾಡಿಯಲ್ಲಿ ವೈನು, ರೊಟ್ಟಿ ತಳ್ಳಿಕೊಂಡು ಹೋಗಿ ಮಾರುತ್ತಿದ್ದರು. 1417ರಷ್ಟು ಹಿಂದಿನ ದಾಖಲೆ ಇದೆ ಇದಕ್ಕೆ. ಅಂದರೆ ಇದೂ ನಮ್ಮ ಗುಡ್ಡದ ಜಾತ್ರೆಗಳ ಹಾಗೆ ದೇವರ ಹೆಸರಲ್ಲಿ ಶುರುವಾದ ಸಂತೆಯೇ. ಈಗಲೂ 36 ಶುಬ್‌ಕಾರ್ಖ್ ಅಂಗಡಿಗಳಿವೆ. ಉದ್ದನೆಯ ಕಿರಿದಾದ ಬೆಂಚು, ಗೊತ್ತಿಲ್ಲದವರ ಭುಜಕ್ಕೆ ಭುಜ ತಾಗಿಸಿ ಕೂರಬೇಕು. ಮಾರುವುದು ಡುರ್ಕ್‌ಹೈಮ್ ತೋಟಗಳ ವೈನ್ ಮಾತ್ರ, ಹೊರಗಿನದು ಇಲ್ಲ. ನಮ್ಮ ಎದುರು ಕೂತಿದ್ದ ಅಜ್ಜ, ನಾನು ಎಲ್ಲಿಯವನು ಅಂತ ಕೇಳಿ, ತನ್ನ ತಾತ ಇದೇ ಅಂಗಡಿಯಲ್ಲಿ ಕೂರುತ್ತಿದ್ದದ್ದು ಹೇಳಿದರು. ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ ನನಗೆ.

ಸೆಪ್ಟೆಂಬರ್ ಎರಡನೇ ಮತ್ತು ಮೂರನೇ ವಾರಾಂತ್ಯ ನಡೆಯುತ್ತದೆ. ಹಿರಿಯರ ಜೊತೆ ಶನಿವಾರ ರಾತ್ರಿ ಮಾತ್ರ ಬೇಡ. ಸೋಮವಾರವೋ ಮಂಗಳವಾರವೋ ಬೆಳಿಗ್ಗೆ 11ಕ್ಕೆ ಹೋಗಿ, ನಾಲ್ಕಕ್ಕೆ ಹೊರಡಿ. ನಿಮ್ಮ ಮ್ಯಾನ್‌ಹೈಮ್‌ನಿಂದ 4ನೇ ನಂಬರ್ ಟ್ರಾಮ್ ಲುಡ್ವಿಗ್ಸ್‌ಹಾಫನ್ ದಾಟಿ ನೇರ ಅಲ್ಲಿಗೇ ಹೋಗುತ್ತದೆ, ಕಾರು ಬೇಡವೇ ಬೇಡ. ಮೈದಾನದ ಪಕ್ಕದಲ್ಲೇ ದೊಡ್ಡ ಮರದ ಪೀಪಾಯಿ ಇದೆ, 1934ರಲ್ಲಿ ಕಟ್ಟಿದ್ದು, 17 ಲಕ್ಷ ಲೀಟರ್ ಹಿಡಿಯುವಷ್ಟು ದೊಡ್ಡದು. ಅದರಲ್ಲಿ ವೈನ್ ತುಂಬಿದ್ದೇ ಇಲ್ಲ, ಒಳಗೆ ಹೋಟೆಲ್ ಇದೆ. ಅಪ್ಪನಿಗೆ ತೋರಿಸಿ.

ಕಟಾವು ನೋಡಬೇಕಾದರೆ ಜಾತ್ರೆ ಬಿಟ್ಟು ಊರಾಚೆ ನಡೆಯಿರಿ. ಮೈದಾನದ ಮೇಲೆಯೇ ಮಿಖಾಯೆಲ್ಸ್‌ಬೆರ್ಗ್‌ನ ದ್ರಾಕ್ಷಿ ಸಾಲು ಶುರುವಾಗುತ್ತವೆ. ಇನ್ನೂ ಒಳ್ಳೆಯದು ಅಂದರೆ ವೈನ್‌ಸ್ಟ್ರಾಸೆ ಅನ್ನುವ ವೈನ್ ದಾರಿ ಉದ್ದಕ್ಕೂ ಇರುವ ಯಾವುದಾದರೂ ಸಣ್ಣ ಹಳ್ಳಿ. ಈ ದಾರಿಗೆ 1935ರಲ್ಲಿ ಹೆಸರಿಟ್ಟದ್ದು, ಸುಮಾರು 85 ಕಿಲೋಮೀಟರ್ ಇದೆ, ಉದ್ದಕ್ಕೂ ದ್ರಾಕ್ಷಿಯೇ. ಯಾರ ಮನೆ ಮುಂದೆ "ನಾಯರ್ ವೈನ್" (ಹೊಸ ವೈನ್) ಅಂತ ಬೋರ್ಡ್ ಇರುತ್ತದೋ ಅವರ ಅಂಗಳದಲ್ಲಿ ಗಾಣ ನಡೆಯುತ್ತಿರುತ್ತದೆ ಅಂತ ತಿಳಿಯಿರಿ. ಹಾಲ್ಲೋ ಅಂತ ಹೇಳಿ ಒಳಗೆ ಹೋಗಿ. ಅಪ್ಪ ದ್ರಾಕ್ಷಿ ರೈತರು ಅಂತ ಮೊದಲೇ ಹೇಳಿಬಿಡಿ, ಬಾಗಿಲು ತಾನಾಗಿ ತೆರೆಯುತ್ತದೆ.

ಕಾವೇರಿ_ಕಡೆಯವನು

ನನ್ನ ಅಭಿಪ್ರಾಯ ಬೇರೆ. ಏನೇ ಹೇಳಿದರೂ ಅದು ಕುಡಿಯುವ ಜಾಗ. ಸಂಜೆ ಆಗುತ್ತಿದ್ದಂತೆ ಬೆಂಚಿನ ಮೇಲೆ ನಿಂತು ಹಾಡುವುದು, ಕುಣಿಯುವುದು ಶುರುವಾಗುತ್ತದೆ. ನಮ್ಮ ಮಾವ ಬಂದಾಗ ಸ್ಟುಟ್‌ಗಾರ್ಟ್‌ನಲ್ಲಿ ಇಂಥದ್ದೇ ಒಂದು ಹಬ್ಬಕ್ಕೆ ಕರೆದುಕೊಂಡು ಹೋಗಿದ್ದೆವು. ಅವರು ಏನೂ ಹೇಳಲಿಲ್ಲ, ಆದರೆ ಇಡೀ ಹೊತ್ತು ಕೈಕಟ್ಟಿ ಕೂತಿದ್ದರು. ನಮ್ಮ ಊರಲ್ಲಿ ಕುಡಿತದಿಂದ ಹಾಳಾದ ಮನೆಗಳನ್ನು ಅವರು ನೋಡಿದ್ದಾರೆ, ಅದು ಅಷ್ಟು ಸುಲಭಕ್ಕೆ ಮನಸ್ಸಿನಿಂದ ಹೋಗುವುದಿಲ್ಲ. ಕರೆದುಕೊಂಡು ಹೋಗುವ ಮುಂಚೆ ಅಪ್ಪನನ್ನು ನೇರವಾಗಿ ಕೇಳಿ. ಅಲ್ಲಿ ಎಲ್ಲರೂ ಕುಡಿಯುತ್ತಿರುತ್ತಾರೆ, ನಿಮಗೆ ಪರವಾಗಿಲ್ವಾ ಅಂತ. ಕೇಳದೆ ಸರ್‌ಪ್ರೈಸ್ ಕೊಡಬೇಡಿ.

ಹೊಸನಗರದವಳು

ಊಟದ ವಿಷಯ ನಾನು ಹೇಳುತ್ತೇನೆ, ಏಳು ವರ್ಷದಿಂದ ಕಾರ್ಲ್ಸ್‌ರೂಹೆಯಲ್ಲಿ ಇದೇ ಪರದಾಟ ನನ್ನದು.

ಹೊಸ ವೈನಿನ ಜೊತೆ ಎಲ್ಲ ಕಡೆ ಟ್ಸ್ವೀಬೆಲ್‌ಕೂಖನ್ ಅಂತ ಕೊಡುತ್ತಾರೆ. ದಪ್ಪ ರೊಟ್ಟಿಯ ಮೇಲೆ ಬೇಯಿಸಿದ ಈರುಳ್ಳಿ ಹರಡಿದ ಹಾಗೆ ಇರುತ್ತದೆ. ನೋಡಲು ಸಸ್ಯಾಹಾರಿ, ಆದರೆ ಜಾಸ್ತಿ ಕಡೆ ಒಳಗೆ ಸಣ್ಣ ಸಣ್ಣ ಹಂದಿಮಾಂಸದ ಚೂರು ಇರುತ್ತದೆ, ಮೊಟ್ಟೆ ಅಂತೂ ಇದ್ದೇ ಇರುತ್ತದೆ. ಅವ್ವನಿಗೆ ಬೇಡ. ಆಲೂಗಡ್ಡೆ ದೋಸೆಯಂಥ ರೈಬೆಕೂಖನ್‌ನಲ್ಲೂ ಮೊಟ್ಟೆ ಹಾಕುತ್ತಾರೆ. ಅವರಿಗೆ ಸರಿಹೋಗುವುದು ವೈಸರ್ ಕೇಸ್. ಅಂದರೆ ಗಟ್ಟಿ ಮೊಸರಿನಂಥ ಕ್ವಾರ್ಕ್, ಜೊತೆಗೆ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ. ಮೇಲೆ ನೀವು ಒಯ್ದ ಚಟ್ನಿಪುಡಿ ಉದುರಿಸಿದರೆ ಮುಗಿಯಿತು. ನಮ್ಮ ಅಮ್ಮ ಎರಡು ತಟ್ಟೆ ತಿಂದಿದ್ದರು. ಬ್ರೆಟ್ಸೆಲ್ ಇರುತ್ತದೆ, ಸಕ್ಕರೆ ಪಾಕದಲ್ಲಿ ಹುರಿದ ಬಾದಾಮಿ ಇರುತ್ತದೆ. ಕುಡಿಯಲು ಟ್ರೌಬೆನ್‌ಸಾಫ್ಟ್ ಅಂತ ಕೇಳಿ, ಬರೀ ದ್ರಾಕ್ಷಿ ರಸ, ಮದ್ಯ ಇರುವುದಿಲ್ಲ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಅಲ್ಲಿ ದುಬ್ಬೆಗ್ಲಾಸ್ ಅಂತ ಅರ್ಧ ಲೀಟರ್ ಗಾಜಿನ ಲೋಟ ಇರುತ್ತದೆ. ಸುತ್ತ ಬೆರಳು ಇಡುವಷ್ಟು ಗುಳಿಗಳು. ಜಿಡ್ಡು ಕೈಯ ಕಟುಕರಿಗೆ ಲೋಟ ಜಾರದಿರಲಿ ಅಂತ ಹಾಗೆ ಮಾಡಿದರು ಅಂತ ಕಥೆ ಹೇಳುತ್ತಾರೆ. ಆ ಲೋಟ ಒಬ್ಬರದಲ್ಲ. ವೈನಿಗೆ ಸೋಡಾ ಬೆರೆಸಿ ಶೋರ್ಲೆ ಮಾಡಿ, ಬೆಂಚಿನಲ್ಲಿರುವ ಎಲ್ಲರೂ ಒಂದೇ ಲೋಟದಿಂದ ಒಂದೊಂದು ಗುಟುಕು ಕುಡಿದು ಪಕ್ಕದವರಿಗೆ ಕೊಡುತ್ತಾರೆ. ನಮ್ಮವರಿಗೆ ಕುಡಿತಕ್ಕಿಂತ ಈ ಎಂಜಲು ನೋಡಿಯೇ ಗಾಬರಿ ಆಗುತ್ತದೆ. ಅವರ ಪಾಲಿಗೆ ಅದು ಪ್ರೀತಿ, ನಿನ್ನನ್ನು ಹೊರಗಿನವನು ಅಂದುಕೊಂಡಿಲ್ಲ ಅನ್ನುವ ಗುರುತು. ಅಪ್ಪ ಅವ್ವನಿಗೆ ಮನೆಯಲ್ಲೇ ಇದನ್ನು ಹೇಳಿಡಿ. ಲೋಟ ಬಂದರೆ ಎರಡೂ ಕೈ ಜೋಡಿಸಿ ನಕ್ಕು ಬೇಡ ಅಂದರೆ ಸಾಕು, ಯಾರೂ ಒತ್ತಾಯ ಮಾಡುವುದಿಲ್ಲ.

ದೊಡ್ಡಬಳ್ಳಾಪುರ_ದ್ರಾಕ್ಷಿ

ನಾನು ಊರಲ್ಲೇ ಇರುವವನು, ಜರ್ಮನಿ ನೋಡಿಲ್ಲ, ಆದರೆ ಈ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ. ನಮ್ಮದು ಬೆಂಗಳೂರು ಬ್ಲೂ, 2013ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ ತಳಿ. ವರ್ಷಕ್ಕೆ ಎರಡು ಬೆಳೆ ತೆಗೆಯುತ್ತೇವೆ. ಅಲ್ಲಿ ಒಂದೇ ಬೆಳೆ ಅಂತ ಓದಿದ್ದೇನೆ. ಚಳಿಗೆ ಗಿಡ ಪೂರ್ತಿ ಎಲೆ ಉದುರಿಸಿ ಮಲಗಿಬಿಡುತ್ತದೆ, ನಮ್ಮಲ್ಲಿ ಆ ನಿದ್ದೆಯೇ ಇಲ್ಲ, ನಾವೇ ಕತ್ತರಿ ಹಾಕಿ ಎಬ್ಬಿಸಬೇಕು.

ಅಪ್ಪನವರ ಜೊತೆ ಹೋದಾಗ ದಯವಿಟ್ಟು ಇಷ್ಟು ಕೇಳಿಕೊಂಡು ಬನ್ನಿ. ಚಪ್ಪರ ಇದೆಯಾ, ತಂತಿಯಾ? ಬುಡ ಯಾವುದು, ಕಸಿ ಮಾಡಿದ್ದಾ? ನೀರು ಹೇಗೆ ಕೊಡುತ್ತಾರೆ? ಎಷ್ಟು ಸಕ್ಕರೆ ಬಂದ ಮೇಲೆ ಕಡಿಯುತ್ತಾರೆ? ಇನ್ನು, ಗಿಡದ ಕಡ್ಡಿ, ಬೀಜ ಏನನ್ನೂ ಬ್ಯಾಗಿನಲ್ಲಿ ತರಬೇಡಿ. ಪರವಾನಗಿ ಇಲ್ಲದೆ ತರುವಂತಿಲ್ಲ. ನಿಯಮ ಇರಲಿ, ಅದರ ಜೊತೆ ಯಾವ ರೋಗ ಬರುತ್ತದೋ ಹೇಳಲಾಗದು. ರೈತರಿಗೆ ಆಸೆ ಆಗುವುದು ಸಹಜ, ನೀವೇ ತಡೆಯಬೇಕು.

ತಿಕೋಟಾದ_ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾವೇರಿ ಕಡೆಯವರೇ, ನೀವು ಹೇಳಿದ ಹಾಗೆ ಅಪ್ಪನನ್ನು ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುಡಿಯೋರು ಕುಡೀಲಿ, ನಾ ಬೆಳಿಯೋರ್ನ ನೋಡಾಕ ಬರಾಕತ್ತೇನಿ" ಅಂದರು. ಹೋಗಿ ಬಂದು ಬರೆಯುತ್ತೇನೆ.

ತಿಕೋಟಾದ_ಹುಡುಗ (ಮೂರು ವಾರದ ನಂತರ)

ಹೋಗಿ ಬಂದೆವು. ಬರೆಯಲು ತಡವಾಯಿತು, ಕ್ಷಮಿಸಿ. ಸ್ವಲ್ಪ ಉದ್ದ ಇದೆ.

ಸೋಮವಾರ ರಜೆ ಹಾಕಿ ಮೊದಲು ಜಾತ್ರೆಗೆ ಹೋದೆವು. ಹನ್ನೊಂದು ಗಂಟೆಗೆ ಜನ ಕಡಿಮೆ ಇತ್ತು. ಪೀಪಾಯಿ ನೋಡಿ ಅಪ್ಪ ಅದರ ಹಲಗೆ ತಟ್ಟಿ ತಟ್ಟಿ ನೋಡಿದರು. ಒಂದು ಶುಬ್‌ಕಾರ್ಖ್ ಅಂಗಡಿಯಲ್ಲಿ ಕೂತೆವು. ಪಕ್ಕದಲ್ಲಿ ಇಬ್ಬರು ವಯಸ್ಸಾದ ಹೆಂಗಸರು. ಹೊಸನಗರದವರು ಹೇಳಿದ ಹಾಗೇ ಐದು ನಿಮಿಷದಲ್ಲಿ ಲೋಟ ಅವ್ವನ ಮುಂದೆ ಬಂತು. ಅವ್ವ ಕೈ ಜೋಡಿಸಿದರು. ಆ ಹೆಂಗಸೂ ಲೋಟ ಕೆಳಗಿಟ್ಟು ಹಾಗೇ ಕೈ ಜೋಡಿಸಿದರು. ಆಮೇಲೆ ಎದ್ದು ಹೋಗಿ ಅವ್ವನಿಗೆ ಒಂದು ಲೋಟ ದ್ರಾಕ್ಷಿ ರಸ ತಂದುಕೊಟ್ಟರು, ಬೇರೆ ಲೋಟದಲ್ಲಿ. ಭಾಷೆ ಬರದಿದ್ದರೂ ಒಂದು ಗಂಟೆ ಅವ್ವನ ಕೈ ಹಿಡಿದು ಬಳೆ ಎಣಿಸುತ್ತಾ ಕೂತಿದ್ದರು. ಅಷ್ಟರಲ್ಲಿ ಬ್ಯಾಂಡ್ ಸದ್ದು ಜಾಸ್ತಿ ಆಯಿತು, ಅವ್ವನಿಗೆ ತಲೆನೋವು ಶುರುವಾಯಿತು. ಹತ್ತಿರದಲ್ಲೇ ಉಪ್ಪುನೀರಿನ ಗೋಡೆ ಇದೆ, 333 ಮೀಟರ್ ಉದ್ದ. ಮುಳ್ಳುಕಡ್ಡಿ ಪೇರಿಸಿ ಮೇಲಿನಿಂದ ಉಪ್ಪುನೀರು ಹನಿಸುತ್ತಾರೆ, ಅಲ್ಲಿ ಓಡಾಡಿದರೆ ಉಸಿರಾಟಕ್ಕೆ ಒಳ್ಳೆಯದಂತೆ. ಅಲ್ಲಿ ಕೂತು ಅವ್ವ ಸುಧಾರಿಸಿಕೊಂಡರು. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಆ ಜಾಗ ಗೊತ್ತಿರಲಿ.

ಆದರೆ ಅಪ್ಪನ ಹಬ್ಬ ಆದದ್ದು ಶನಿವಾರ, ಒಂದು ಸಣ್ಣ ಹಳ್ಳಿಯಲ್ಲಿ. ರೈಲು ಇಳಿದು ದ್ರಾಕ್ಷಿ ಸಾಲಿನ ಮಧ್ಯೆ ನಡೆಯುತ್ತಿದ್ದೆವು. ದೂರದಲ್ಲಿ ಢಂ ಅಂತ ಸದ್ದಾಯಿತು. ಅವ್ವ ಬೆಚ್ಚಿದರು, ಅಪ್ಪ ಮಾತ್ರ "ಹಕ್ಕಿ ಓಡ್ಸಾಕ" ಅಂದರು. ಯಾರೂ ಹೇಳದೆಯೇ ಗೊತ್ತಾಯಿತು. ಸ್ವಲ್ಪ ಮುಂದೆ ಒಂದು ಸಾಲಿನ ಮುಂದೆ ನಿಂತುಬಿಟ್ಟರು. ಗಿಡದಲ್ಲಿ ಗೊನೆಯ ಕಡ್ಡಿ ಇದೆ, ಒಂದು ಕಾಯಿ ಇಲ್ಲ. ಹಸಿರು ಕಡ್ಡಿಯ ತುದಿಗಳಲ್ಲಿ ರಸ ಇನ್ನೂ ಒದ್ದೆ ಇತ್ತು. ಹಕ್ಕಿ ತಿಂದಿದ್ದಲ್ಲ, ಕೈಯಲ್ಲಿ ಬಿಡಿಸಿದ್ದೂ ಅಲ್ಲ. ಅಪ್ಪ ಅದನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಲೇ ಇದ್ದರು. ಎರಡು ಸಾಲು ಆಚೆ ಉತ್ತರ ಸಿಕ್ಕಿತು. ಮನೆಯಷ್ಟು ಎತ್ತರದ ಯಂತ್ರ, ಸಾಲನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ಬರುತ್ತಿತ್ತು. ಗಿಡ ಅಲ್ಲಾಡಿಸಿ ಕಾಯಿ ಮಾತ್ರ ಉದುರಿಸಿಕೊಳ್ಳುತ್ತದೆ, ಕಡ್ಡಿ ಗಿಡದಲ್ಲೇ ಉಳಿಯುತ್ತದೆ. ನಮ್ಮಲ್ಲಿ ಒಂದು ಗೊನೆಗೆ ಪೆಟ್ಟಾದರೆ ರೇಟು ಬೀಳುತ್ತದೆ. ಅಪ್ಪನಿಗೆ ನಂಬಲು ಆಗಲಿಲ್ಲ. "ಹೆಂಗೂ ಹಿಂಡೂದು ಅಲ್ಲ" ಅಂತ ಆಮೇಲೆ ತಾವೇ ಹೇಳಿಕೊಂಡರು.

ಊರೊಳಗೆ ಒಬ್ಬರ ಅಂಗಳದಲ್ಲಿ ಗಾಣ ನಡೆಯುತ್ತಿತ್ತು. ನೆಕ್ಕಾರ್ ದಂಡೆಯವರು ಹೇಳಿದ ಮಾತೇ ಹೇಳಿದೆ, ಇವರು ನನ್ನ ತಂದೆ, ಭಾರತದಲ್ಲಿ ದ್ರಾಕ್ಷಿ ಬೆಳೆಯುತ್ತಾರೆ ಅಂತ. ಆ ಯಜಮಾನರು ಕೈ ಒರೆಸಿಕೊಂಡು ಅಪ್ಪನ ಕೈ ಕುಲುಕಿದರು. ಮೊದಲು ಇಬ್ಬರೂ ಮಾತಾಡಿದ್ದು ಮಳೆ ಬಗ್ಗೆ. ಆಮೇಲೆ ಸಕ್ಕರೆ. ಅವರು ಜೇಬಿನಿಂದ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ತೆಗೆದು ಒಂದು ಹನಿ ರಸ ಹಾಕಿ ಅಪ್ಪನ ಕೈಗೆ ಕೊಟ್ಟರು. ಅಪ್ಪ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಮನೆಯಲ್ಲಿ ಪಡದ ಬದುವಿನ ಮೇಲೆ ನಿಂತು ನೋಡುವ ಹಾಗೇ. 84 ಅಂತ ಓದಿ ಗಾಬರಿಯಾದರು. ಅದು ಎಕ್ಸ್‌ಲೆ ಅನ್ನುವ ಇಲ್ಲಿನ ಸಕ್ಕರೆ ಅಳತೆ, ನಮ್ಮ ಬ್ರಿಕ್ಸ್‌ನಲ್ಲಿ 20ಕ್ಕೆ ಸ್ವಲ್ಪ ಮೇಲೆ. "ನಾವು 22 ದಾಟೂ ತನಕ ಕತ್ತರಿ ಹಚ್ಚಂಗಿಲ್ಲ" ಅಂದರು ಅಪ್ಪ. ಅದನ್ನು ನಾನು ಅನುವಾದ ಮಾಡಿದಾಗ ಆ ಯಜಮಾನರು ಜೋರಾಗಿ ನಕ್ಕು, ಅಷ್ಟು ಬಿಸಿಲು ನಮಗೂ ಕೊಡಿ ಅಂದರು.

ಗಾಣದಿಂದ ಆಗ ತಾನೇ ಇಳಿಯುತ್ತಿದ್ದ ರಸ ಒಂದು ಲೋಟ ಕೊಟ್ಟರು. "ಇದ್ರಾಗ ನಶಾ ಇಲ್ಲೇನ?" ಅಂತ ಅಪ್ಪ ಎರಡು ಸಲ ಕೇಳಿದರು. ಇಲ್ಲ, ಇನ್ನೂ ಹುದುಗಿಲ್ಲ. ಕುಡಿದರು. ಕೆಸರು ಬಣ್ಣ, ಮೇಲೆ ಸ್ವಲ್ಪ ನೊರೆ, ಸಿಹಿಯ ಹಿಂದೆಯೇ ಹುಳಿ. ಅವ್ವ ಎರಡನೇ ಲೋಟ ಕೇಳಿದರು.

ದೊಡ್ಡಬಳ್ಳಾಪುರದವರೇ, ನಿಮ್ಮ ಪ್ರಶ್ನೆಗಳಿಗೆ ಉತ್ತರ. ಚಪ್ಪರ ಇಲ್ಲ, ತಂತಿ. ಅಪ್ಪ ಹೆಜ್ಜೆ ಹಾಕಿ ಅಳೆದರು, ಸಾಲಿನಿಂದ ಸಾಲಿಗೆ ಎರಡು ಮೀಟರ್. ಅವರ ತೋಟದಲ್ಲಿ ಡ್ರಿಪ್ ಇಲ್ಲ, ಬರೀ ಮಳೆ. ನಾವು ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು ಚಾಟ್ನಿ (ಕಡ್ಡಿ ಕತ್ತರಿಸುವುದು) ಮಾಡುತ್ತೇವೆ, ಅವರದು ಚಳಿಗಾಲದಲ್ಲಿ ಒಂದೇ ಸಲ. ಬುಡ ಕಸಿ ಮಾಡಿದ್ದೇ. ಇಲ್ಲಿ ಅಪ್ಪನ ಮುಖ ನೋಡಬೇಕಿತ್ತು. ಸುಮಾರು ನೂರೈವತ್ತು ವರ್ಷದ ಹಿಂದೆ ಅಮೆರಿಕದಿಂದ ಬಂದ ಫಿಲಾಕ್ಸೆರಾ ಅನ್ನುವ ಬೇರು ತಿನ್ನುವ ಹೇನು ಯುರೋಪಿನ ದ್ರಾಕ್ಷಿಯನ್ನು ಹಾಳು ಮಾಡಿತಂತೆ. ಅದಕ್ಕೆ ಅಮೆರಿಕದ ಕಾಡುದ್ರಾಕ್ಷಿಯ ಬುಡಕ್ಕೇ ತಮ್ಮ ತಳಿ ಕಸಿ ಮಾಡಿ ಉಳಿಸಿಕೊಂಡರು. ನಮ್ಮ ಪಡದಲ್ಲೂ ಬುಡ ಅಮೆರಿಕದ್ದೇ, ಡಾಗ್ರಿಜ್ ಅನ್ನುವ ತಳಿ. ನಾವು ಹಾಕುವುದು ಹೇನಿಗೆ ಹೆದರಿ ಅಲ್ಲ, ನೀರಿಲ್ಲದ್ದಕ್ಕೆ, ಉಪ್ಪು ನೆಲಕ್ಕೆ. ಅಪ್ಪ ನೆಲದಲ್ಲಿ ಕೂತು ಮಣ್ಣು ಸರಿಸಿ ಕಸಿಯ ಗಂಟು ಹುಡುಕಿದರು. ಯಜಮಾನರೂ ಪಕ್ಕದಲ್ಲಿ ಕೂತು ಬೆರಳಿಟ್ಟು ತೋರಿಸಿದರು. ಆಮೇಲೆ ಹತ್ತು ನಿಮಿಷ ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ.

ಹೊರಡುವಾಗ ಅಪ್ಪ ಕೋಟಿನ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ನಮ್ಮ ಒಣದ್ರಾಕ್ಷಿ. ತಂದದ್ದು ನನಗೂ ಗೊತ್ತಿರಲಿಲ್ಲ. ಒಂದು ಹಿಡಿ ಅವರ ಬೊಗಸೆಗೆ ಹಾಕಿದರು. ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಬರುತ್ತದೆ, ಔಷಧಿ ನೀರಲ್ಲಿ ಅದ್ದಿ ಶೆಡ್ಡಿನಲ್ಲಿ ಎರಡು ವಾರ ಒಣಗಿಸುತ್ತೇವೆ ಅಂತ ಹೇಳು ಅಂದರು. ಹೇಳಿದೆ. ಯಜಮಾನರು ಹೆಂಡತಿಯನ್ನು, ಮಗನನ್ನು, ಕೆಲಸಕ್ಕೆ ಬಂದಿದ್ದ ಇಬ್ಬರು ಪೋಲೆಂಡಿನವರನ್ನು ಕರೆದು ಒಂದೊಂದು ಕೈಗೆ ಹಾಕಿ ತಿನ್ನಿಸಿದರು.

ಹೊಸನಗರದವಳು

ಓದಿ ಕಣ್ಣು ತುಂಬಿ ಬಂತು ನನಗೆ. ಅವ್ವನಿಗೆ ನನ್ನ ನಮಸ್ಕಾರ ಹೇಳಿ. ಫೆಡರ್‌ವೈಸರ್ ಅನ್ನುವ ಹೊಸ ವೈನಿನ ಬಾಟಲಿ ಏನಾದರೂ ಕೊಟ್ಟರಾ? ಕೊಟ್ಟಿದ್ದರೆ ಮಲಗಿಸಿ ಇಡಬೇಡಿ. ಅದು ಇನ್ನೂ ಹುದುಗುತ್ತಿರುತ್ತದೆ, ಗ್ಯಾಸ್ ಹೋಗಲಿ ಅಂತ ಮುಚ್ಚಳ ಬಿಗಿ ಹಾಕಿರುವುದಿಲ್ಲ. ನಾನು ಮೊದಲ ವರ್ಷ ಬ್ಯಾಗಿನಲ್ಲಿ ಅಡ್ಡ ಇಟ್ಟು ರೈಲಿನಲ್ಲಿ ಲ್ಯಾಪ್‌ಟಾಪ್ ಸಮೇತ ಎಲ್ಲ ತೋಯಿಸಿಕೊಂಡಿದ್ದೆ.

ಕಾವೇರಿ_ಕಡೆಯವನು

ಅಪ್ಪನವರ ಮಾತು ಸರಿ. ಮುಂದಿನ ವರ್ಷ ಮಾವ ಬಂದರೆ ಟೆಂಟಿಗಲ್ಲ, ಹೀಗೆ ಹಳ್ಳಿಗೇ ಕರೆದುಕೊಂಡು ಹೋಗುತ್ತೇನೆ. ಯಾವ ತಿಂಗಳು ಒಳ್ಳೆಯದು?

ನೆಕ್ಕಾರ್_ದಂಡೆ

ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರದೊಳಗೆ. ಬಿಸಿಲು ಜಾಸ್ತಿ ಇದ್ದ ವರ್ಷ ಬೇಗ ಮುಗಿದುಬಿಡುತ್ತದೆ. ಸೆಪ್ಟೆಂಬರ್ ಕೊನೆಗೆ ನಾಯ್‌ಷ್ಟಾಟ್‌ನಲ್ಲೂ ಹಬ್ಬ ಶುರುವಾಗುತ್ತದೆ, ಜರ್ಮನಿಯ ವೈನ್ ರಾಣಿಯನ್ನು 1949ರಲ್ಲಿ ಮೊದಲು ಆರಿಸಿದ್ದು ಅಲ್ಲೇ. ಮರದ ಪುಟ್ಟ ಪುಟ್ಟ ಮನೆಗಳಲ್ಲಿ ಹೊಸ ವೈನ್ ಮಾರುತ್ತಾರೆ, ಮಧ್ಯಾಹ್ನ ಹೋದರೆ ಆರಾಮ. ತಿಕೋಟಾದವರೇ, ಅಪ್ಪನನ್ನು ಅಲ್ಲಿಗೂ ಕರೆದುಕೊಂಡು ಹೋಗಿ.

ತಿಕೋಟಾದ_ಹುಡುಗ

ಹೋಗಬೇಕು ಅಂತ ಇತ್ತು, ಆಗುವುದಿಲ್ಲ. ಟಿಕೆಟ್ ಮುಂದೂಡೋಣ ಅಂದರೆ ಅಪ್ಪ ಒಪ್ಪುತ್ತಿಲ್ಲ. ಊರಲ್ಲಿ ಅಕ್ಟೋಬರ್ ಚಾಟ್ನಿ ಬಂತು, ಈಗಲೇ ಆಳು ಹೇಳಿಡದಿದ್ದರೆ ಸಿಗುವುದಿಲ್ಲ. ಬೆಳಿಗ್ಗೆಯಿಂದ ನನ್ನ ಫೋನ್ ಅವರ ಕೈಯಲ್ಲೇ ಇದೆ. ಕಡ್ಡಿ ತರುವಂತಿಲ್ಲ ಅಂತ ಹೇಳಿದ್ದಕ್ಕೆ ಡೈರಿಯಲ್ಲಿ ಸಾಲಿನ ಅಳತೆ, ತಂತಿಯ ಎತ್ತರ, ಕಂಬದ ದೂರ ಎಲ್ಲ ಬರೆದುಕೊಂಡಿದ್ದಾರೆ. ಮನೆ ಹತ್ತಿರದ ಅರ್ಧ ಎಕರೆಯಲ್ಲಿ ಹಾಗೇ ತಂತಿ ಕಟ್ಟಿ ನೋಡುತ್ತಾರಂತೆ.